ಹದಿನೇಳರ ರಾತ್ರಿ

ಹಳೇ ಕಂಪನಿಯ ರೊಕ್ಕ ಹದಿನೇಳಕ್ಕ ಮುಗೀತೈತಿ.
ಗ್ವಾಡಿ ಕ್ಯಾಲೆಂಡರಿನಾಗ, ಹಾಲಿನ ಲೆಕ್ಕದ ಮಗ್ಗಲಕ,
ಕೆಂಪು ಪೆನ್ನಿಲೆ ಗೆರಿ ಎಳದೇನಿ.
ಗೆರಿ ಈಚೆ ಅವರು, ಆಚೆ ಇವರು.
ಇಬ್ಬರಿಗೂ ಕೂಡಿ ಒಂದು ದಿನದ್ದೂ ಕೊಡೂದಿಲ್ಲ ನಾ.

ಹನ್ನೆರಡಕ್ಕ ಬಿಟ್ಟರ ಉಳಿದ ಐದು ದಿನದ್ದು
ತಿರುಗಿ ಕೊಡ್ತೀರೇನು ಅಂತ ಫೋನ್ ಹಚ್ಚಿ ಕೇಳಿದೆ.
ಬಾಳ ಸವಿಯಾಗಿ ‘ಅವಕಾಶ ಇಲ್ಲ ಮೇಡಮ್’ ಅಂದಳು ಆಕಿ.
ಇದ್ದರ ಮೂರು ತಿಂಗಳು ಅರ್ಧ ದರ ಅಂದಳು.
ಎಲ್ಲಿತ್ತವ್ವಾ ಈ ಅರ್ಧ ದರ,
ಮಳಿಗಾಲದಾಗ ದಿನಕ್ಕ ಮೂರು ಸಲ ಕೆಂಪು ದೀಪ ಹತ್ತಿದಾಗ?

ಬೆಟಗೇರಿಯ ಈ ಓಣಿಯಾಗ ನಾ ಲಗ್ನಪತ್ರಿಕಿ ಜೋಡಸಾಕಿ.
ರಾತ್ರಿ ಕಳಸಿದರ ಗದಗಿನ ಪ್ರೆಸ್ಸಿನಾಗ ಮುಂಜಾನೆ ಅಚ್ಚು.
ಅಕ್ಷರದ ಮ್ಯಾಲ ಅಕ್ಷರ ಏರಬಾರದು,
ನಡುವ ಚಕ್ಕಡಿ ಹಾಯುವಷ್ಟು ಜಾಗಾನೂ ಬಿಡಬಾರದು.
ಹದಿನೆಂಟು ವರ್ಷ ಇದ ಹೊಟ್ಟಿಪಾಡು.
ವಾಯರಿಗೂ ಅದ ನೇಮ ಹಚ್ಚಿದೆ.

ಹೊಸಾ ಕಂಪನಿಯಿಂದ ಬಂದವ ಮಾಬುಸಾಬ ನದಾಫ.
ಹೆಗಲಿಗೆ ನಿಚ್ಚಣಿಕಿ, ಕೈಯಾಗ ಕರೀ ಸುರುಳಿ,
ಎಲ್ಲೋ ನೋಡಿದ ಮಾರಿ.
‘ಹಳೇ ಡಬ್ಬಿ ಹಚ್ಚಿದವನೂ ನಾನ ಅಲ್ರೀ ಅಕ್ಕಾರ’ ಅಂದ.
‘ವಾಯರ್ ಇವತ್ತ ಎಳದಿಡ್ತೀನಿ,
ಚಾಲೂ ಮಾಡೂದು ಹದಿನೆಂಟರ ಮುಂಜಾನೆ ಒಂಬತ್ತಕ್ಕ.
ಲೆಕ್ಕ ಅಲ್ಲಿಂದ ಸುರು ಅಂತ ಬರಸ್ಕೋರಿ,
ಬಾಯಿಮಾತಿಗೆ ವಾರಸದಾರ ಇರೂದಿಲ್ಲ.
ಹಳೇ ಡಬ್ಬಿ ಕೊಟ್ಟಿದ್ದಕ್ಕ ರಸೀದಿ ಬಿಡಬ್ಯಾಡ್ರಿ.
ಹೆಸರು, ಪಾಸ್‌ವರ್ಡು ಹಳೇವ ಇರಲಿ,
ಮಾಲಕ ಬದಲಾದದ್ದು ಫೋನಿಗೆ ಗೊತ್ತ ಆಗೂದಿಲ್ಲ.’

ಚಾ ಕುಡಿಯೂ ಮುಂದ ಕೇಳಿದೆ, ಇಲ್ಲಿ ಪಗಾರ ಹೆಚ್ಚೇನಪಾ?
‘ಐದುನೂರು ಹೆಚ್ಚು. ಆದರ ನಡುವ ನಲವತ್ತು ದಿವಸ
ಆ ಕಡೆಯವರು ನಿಲ್ಲಿಸಿದ್ರು,
ಈ ಕಡೆಯವರು ಸುರು ಮಾಡಿರಲಿಲ್ಲ.
ನಿಮಗ ಎರಡು ಸಲ ಕೊಡಬೇಕಾದೀತು ಅನ್ನೂ ಚಿಂತಿ.
ಎರಡು ಕಡಿಂದ ಬರೂ ಒಂದು ದಿನ
ನನಗ ಇನ್ನೂ ಬಂದಿಲ್ಲ ನೋಡ್ರಿ.’
ನಕ್ಕ. ಬಿಸ್ಕೀಟು ಮುರದು ಅರ್ಧಾ ಅದ್ದಿದ,
ಅರ್ಧಾ ಕಿಸೆದಾಗ ಇಟ್ಟ.
ಆ ನಲವತ್ತು ದಿವಸ ಹೆಂಗ ದಾಟಿದೆ ಅಂತ
ಕೇಳಬೇಕಿತ್ತು. ಕೇಳಲಿಲ್ಲ.

ಹದಿನೇಳರ ರಾತ್ರಿ ಹನ್ನೆರಡಕ್ಕ ದೀಪ ಕೆಂಪಾತು.
ನಾಲ್ಕು ವರ್ಷದಾಗ ಅವರು ಹೇಳಿದ ಹೊತ್ತಿಗೆ
ಮಾಡಿದ ಕೆಲಸ ಇದೊಂದ.
ಡೋಣಿಯವರ ಪತ್ರಿಕಿ ಕಳಸಾಕ ಒತ್ತಿದ್ದೆ,
ಸಣ್ಣ ಚಕ್ರ ತಿರಗಿಕೋತ ಕುಂತು.
ಮನಿಯಾಗ ನೆಟ್ ಐತಲ್ಲ ಅಂತ ಮೊಬೈಲಿಗೆ ಪ್ಯಾಕ್ ಹಾಕಿಸಿರಲಿಲ್ಲ.
ನನ್ನ ಗಂಡ ಫಕ್ಕೀರೇಶ ಗೊರಕಿ ಹೊಡ್ಯಾಕತ್ತಿದ್ದ.
ಕೆಲಸಿಲ್ಲದ ಕಣ್ಣು ಮತ್ತ ಪತ್ರಿಕಿ ಓದಿತು.
ಸುಖಾಗಮನ ಬಯಸುವವರ ಸಾಲಿನಾಗ, ಎಲ್ಲಾರಕ್ಕಿಂತ ಮದಲು,
ವರನ ಅಜ್ಜಿ ಕಲ್ಲವ್ವ
ಕಲವ ಆಗಿ ಕುಂತಿದ್ದಳು.
ಹಳೇ ಫಾಂಟಿನಿಂದ ಹೊಸಾದಕ್ಕ ದಾಟೂ ಮುಂದ
ಒತ್ತು ಎರಡೂ ಉದುರಿದ್ದುವು.

ಹುಡುಕಿ ಹಚ್ಚಿದೆ, ಲಕಾರಕ್ಕ ಒಂದು, ವಕಾರಕ್ಕ ಒಂದು.
ಒಂದರ ಬುಡಕ್ಕ ಇನ್ನೊಂದು ತಾಗಿ ನಿಲ್ಲದ
ಅವ್ವ ಅಂತ ಬರಿಯಾಕೂ ಬರೂದಿಲ್ಲ ನಮಗ,
ಅಪ್ಪ, ಅಕ್ಕ, ಅಣ್ಣ, ಯಾರೂ ಬರೂದಿಲ್ಲ.
ಕೆಂಪು ಗೆರಿ ನೋಡಿದೆ.
ಗೆರಿ ನೆಟ್ಟಗ ಇತ್ತು.

ಒಂಬತ್ತಕ್ಕ ಬರತೀನಿ ಅಂದವ ಒಂಬತ್ತೂ ಇಪ್ಪತ್ತಕ್ಕ ಬಂದ.
ಹಸರು ದೀಪ ಹತ್ತೂದಕ್ಕ
ಕಲ್ಲವ್ವ ಮದಲು ಹ್ವಾದಳು ಪ್ರೆಸ್ಸಿಗೆ.
ಕಾಗದದ ಮ್ಯಾಲ ತಾರೀಖು ಬರಸ್ಕೊಂಡೆ, ಸಹಿ ಹಾಕಿಸ್ಕೊಂಡೆ,
ಬಿಸ್ಕೀಟಿನ ಪುಡಿಕಿ ಒಡೀದನ ಅವನ ಚೀಲದಾಗ ಹಾಕಿದೆ.
ಹಾಸಿಗ್ಯಾಗಿಂದ ಫೋನ್ ತಿಕ್ಕೋತ ಫಕ್ಕೀರೇಶ ಕೇಳಿದ,
‘ಯಾವಾಗ ಬದಲ ಮಾಡಸ್ತಿ ಈ ದರಿದ್ರ ಕಂಪನಿ?’