ಎರಡರಿಂದ ಎಣಿಕೆ

ನಮ್ಮ ಕಡೆ ಚೊಚ್ಚಲ ಮಗುವನ್ನು ‘ಎರಡು’ ಎಂದು ಕರೆಯುತ್ತಾರೆ.
‘ಒಂದು’ ಅಂದುಬಿಟ್ಟರೆ ಗಾಳಿಗೆ ಸುಳಿವು ಸಿಕ್ಕುತ್ತದಂತೆ,
ಎತ್ತಿಕೊಂಡು ಹೋಗುತ್ತದಂತೆ.
ಹಾಗಾಗಿ ಎಂಟು ಎನಿಸಿಕೊಂಡ ಏಳನೆಯವನು ನನ್ನಣ್ಣ ತಾಮ್.
ಕಟ್ಟಕಡೆಗೆ ಹುಟ್ಟಿದ ನಾನು ಉತ್,
ಅಂದರೆ ಕಿರಿಯವಳು, ಅಳತೆ ಮುಗಿದ ಮೇಲೆ ಹಾಕಿದ ಕೊಸರು.

ಅಡುಗೆಮನೆ ಹೋದದ್ದು ಬುಧವಾರ ರಾತ್ರಿ.
ಸದ್ದೇನೂ ದೊಡ್ಡದಲ್ಲ,
ಮುದುಕನೊಬ್ಬ ಕತ್ತಲಲ್ಲಿ ಗುಳಿಗೆ ನುಂಗಿದಷ್ಟು.
ಬೆಳಿಗ್ಗೆ ಒಲೆ ಹಚ್ಚಲೆಂದು ಹೋದೆ.
ಬಾಗಿಲಿತ್ತು, ಅಗುಳಿಯಿತ್ತು,
ತೆರೆದರೆ
ಹೊಳೆ.
ಮಳೆನೀರಿನ ಗುಡಾಣವೊಂದು ಅಂಚಿಗೆ ಕಚ್ಚಿಕೊಂಡು
ಬಾಯಿ ತೆರೆದು ನನ್ನನ್ನೇ ನೋಡುತ್ತಿತ್ತು.

ಮೂರು ದಿನದಿಂದ ನಾಯಿ ಆ ಕಡೆ ಕಾಲಿಟ್ಟಿರಲಿಲ್ಲ.
ಮೀನಿನ ತಲೆ ಎಸೆದರೂ ಬಾರದು.
ಸೊಕ್ಕು ಬಂತೇ ನಿನಗೆ ಎಂದು ಬೈದಿದ್ದೆ.

ಏಳನೆಯ ತಿಂಗಳಲ್ಲಿ ನೀರು ದಂಡೆಗೆ ಜಿಗಿಯುತ್ತದೆ
ಎನ್ನುತ್ತಿದ್ದಳು ಅಜ್ಜಿ. ಜಿಗಿಯುತ್ತಿತ್ತು, ನಾನೂ ಕಂಡಿದ್ದೇನೆ:
ಚಹಾದ ಬಣ್ಣದ ದಪ್ಪ ನೀರು,
ಕಾಲಿಟ್ಟರೆ ಪಾದ ಕಾಣದು,
ಇಳಿದು ಹೋಗುವಾಗ ಗದ್ದೆಯ ಮೇಲೆ
ಬೆರಳುದ್ದ ಗೋಡುಮಣ್ಣು, ಬಾಡಿಗೆ ಕೊಟ್ಟು ಹೋದ ಹಾಗೆ.
ಆಮೇಲೆ ಎಲ್ಲೋ ಮೇಲೆ, ನಾವು ಕಾಣದ ದೇಶಗಳಲ್ಲಿ
ಹೊಳೆಗೆ ಅಡ್ಡ ಗೋಡೆಗಳೆದ್ದವು.
ಗೋಡೆಯ ಹಿಂದೆ ಗೋಡು ಕೂತಿತು.
ಇಲ್ಲಿಗೆ ಬಂದದ್ದು ಬರಿಯ ನೀರು, ಹಸಿರು ಗಾಜಿನಂಥದು.
ನಾವು ಹಿಗ್ಗಿದೆವು. ಮದುವೆಯ ಜೋಡಿಗಳು
ದೋಣಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡರು.
ನೀರು ತಿಳಿಯಾಯಿತು.
ನಮಗೆ ತಿಳಿಯಲಿಲ್ಲ.

ಬೇಡದವರನ್ನು ಶಪಿಸುವಾಗ ಬಾಯಿಗೆ ಮಣ್ಣು ಬೀಳಲಿ ಅನ್ನುತ್ತೇವಲ್ಲ,
ಈ ಹೊಳೆಗೆ ಮಣ್ಣು ಬೀಳದ್ದೇ ಶಾಪ.
ಹಸಿದ ಬಾಯಿ ಕೈಗೆ ಸಿಕ್ಕಿದ್ದನ್ನು ತಿನ್ನುತ್ತದೆ:
ದಂಡೆ, ಬಿದಿರು, ಪಕ್ಕದ ಮನೆಯ ಹಂದಿಗೂಡು,
ನನ್ನ ಒಲೆ.

ಉಳಿದ ಮರಳನ್ನು ಅಣ್ಣ ಎತ್ತುತ್ತಾನೆ.
ಯಾಕೆ ಸುಳ್ಳು ಹೇಳಲಿ.
ದೋಣಿಯ ಕ್ರೇನಿಗೆ ಹದಿನಾಲ್ಕು ವರ್ಷದಿಂದ ಅವನೇ ಕೈ.
ಹೊಳೆಯ ಹೆಸರು ತ್ಯೆನ್,
ನಮ್ಮ ಮಾತಿನಲ್ಲಿ ದುಡ್ಡಿಗೂ ಅದೇ ಶಬ್ದ.
ಕುಡಿದಾಗ ಅವನು ನಗುತ್ತಾನೆ:
‘ಇಟ್ಟವರೇ ಹೇಳಿದ್ದಾರಲ್ಲ, ತಂಗಿ, ಎತ್ತಿಕೋ ಅಂತ!’
ಆ ದುಡ್ಡಿನಲ್ಲೇ ಅಮ್ಮನ ಶ್ವಾಸಕೋಶಕ್ಕೆ ಔಷಧಿ ಬಂದದ್ದು,
ಈ ಮನೆಗೆ ತಗಡು ಬಂದದ್ದು.
ಯಾವುದೋ ಊರಿನಲ್ಲಿ, ಸಮುದ್ರವನ್ನು ಹಿಂದೆ ತಳ್ಳಿ,
ನಮ್ಮ ಹೊಳೆಯ ತಳ
ಹತ್ತೊಂಬತ್ತನೇ ಮಹಡಿಯಾಗಿ ನಿಂತಿದೆ.
ಅಲ್ಲೂ ಯಾರೋ ಒಲೆ ಹಚ್ಚುತ್ತಿರಬೇಕು ಈಗ.

ಕಚೇರಿಯವರು ಖಾಲಿ ಚೀಲ ಕೊಟ್ಟು ಹೋದರು:
ಮರಳು ತುಂಬಿ ದಂಡೆಗೆ ಒಡ್ಡಿ.
ಮರಳೆಲ್ಲಿ?
ಮಧ್ಯರಾತ್ರಿ ಅಣ್ಣನ ದೋಣಿ ಬಂತು, ದೀಪ ಆರಿಸಿಕೊಂಡು.
ಇಬ್ಬರೂ ಮಾತಿಲ್ಲದೆ ತುಂಬಿದೆವು,
ಅವನು ಸಲಿಕೆಯಲ್ಲಿ, ನಾನು ಅನ್ನದ ಬೋಗುಣಿಯಲ್ಲಿ.
ಮೂವತ್ತೊಂದನೆಯ ಚೀಲಕ್ಕೆ ಪಿಂಗಾಣಿ ಚೂರೊಂದು ಬಂತು,
ಹುಂಜದ ಚಿತ್ರದ ಬಟ್ಟಲಿನದು, ಬಾಲ ಮಾತ್ರ ಉಳಿದಿತ್ತು.
ಅಂಥ ಬಟ್ಟಲು ಎಲ್ಲರ ಮನೆಯಲ್ಲೂ ಇರುತ್ತದೆ ಅಂದೆ.
ಹೂಂ ಅಂದ.
ಚೂರನ್ನು ಒರೆಸಿ ಅಂಗಿ ಜೇಬಿಗೆ ಹಾಕಿಕೊಂಡ.

ಬೆಳಗಾದ ಮೇಲೆ ಗುಮಾಸ್ತನೊಬ್ಬ ಕೆಂಪು ಬಣ್ಣದ ಡಬ್ಬಿ ಹಿಡಿದು ಬಂದ,
ಬಿಡಬೇಕಾದ ಮನೆಗಳಿಗೆ ಸಂಖ್ಯೆ ಬರೆಯಲು.
ಸಾಲಿನಲ್ಲಿ ನಮ್ಮದೇ ಮೊದಲು.
ಕುಂಚ ಗೋಡೆಗೆ ತಾಗುವ ಮುಂಚೆ ಹೇಳಿದೆ,
‘ಒಂದು ಅಂತ ಬರೆಯಬೇಡಪ್ಪ.’
ಹುಡುಗ ಇಲ್ಲಿಯವನೇ ಇರಬೇಕು.
ನನ್ನ ಮುಖ ನೋಡಿದ, ನೀರಿನ ಕಡೆ ನೋಡಿದ,
ತನ್ನ ಪಟ್ಟಿಯಲ್ಲಿ ಏನನ್ನೋ ಹೊಡೆದುಹಾಕಿ
ದೊಡ್ಡದಾಗಿ ಎರಡು ಬರೆದ.

ಈಗಲೂ ಮಲಗುವ ಮುಂಚೆ
ಹಿಂಬಾಗಿಲ ಅಗುಳಿ ಹಾಕುತ್ತೇನೆ.
ನೀರಿಗೆ ಬಾಗಿಲು ತಟ್ಟುವ ಅಭ್ಯಾಸವಿಲ್ಲ,
ಗೊತ್ತು.