ಎಡ ಮೊಣಕಾಲು

ಈ ಊರಿನ ಹೆಸರಿಗೆ ದೋಣಿ ಎಂದರ್ಥ.
ವುಚ್ ಅನ್ನುತ್ತೇವೆ, ಸೀನು ತಡೆದ ಹಾಗೆ.
ನದಿಗಳನ್ನೆಲ್ಲ ಹಿಂದಿನವರು ಕೊಳವೆಗಿಳಿಸಿ
ಮೇಲೆ ಬೀದಿ ಹಾಸಿದರು.
ಇಲ್ಲಿ ಹರಿಯುವುದೆಲ್ಲ ಕಾಣದೆಯೇ ಹರಿಯುತ್ತದೆ.

ಅಮ್ಮ ಗೆನೊವೆಫಾ ಮೂವತ್ತೊಂದು ವರ್ಷ
ಮಗ್ಗದ ಮುಂದೆ ನಿಂತು ಕಿವಿ ಕಳಕೊಂಡಳು.
ಯಾವ ಮಗ್ಗ ಕುಂಟುತ್ತಿದೆಯೆಂದು
ಅಂಗಾಲಿನಿಂದಲೇ ಹೇಳುತ್ತಿದ್ದಳು,
ಮೇಸ್ತ್ರಿ ಕಣ್ಣು ಹಾಯಿಸುವ ಮೊದಲೇ.

ಅದೇ ಗಿರಣಿ ಈಗ ರಂಗಮಂದಿರ.
ಅದೇ ಹಲಗೆಯ ಮೇಲೆ ಕೂತು ನಾನು
ಕಲಿನಾಳ ಉಡುಪಿನ ಒಳಮೈಗೆ
ಬೆಳ್ಳಿ ಬೆರೆತ ನೂಲು ಹೊಲಿಯುತ್ತೇನೆ,
ಹಿಮ್ಮಡಿಯಿಂದ ಮಂಡಿಗೆ, ಮಂಡಿಯಿಂದ ಸೊಂಟಕ್ಕೆ.
ಕಡಲೆಕಾಳಿನಷ್ಟು ದಪ್ಪದ ಸೆನ್ಸರ್ ಐದು.
ಬೆನ್ನ ತಗ್ಗಿನಲ್ಲಿ ಬ್ಯಾಟರಿ, ಬಿಸ್ಕತ್ತಿನಷ್ಟು.
ಬೆವರು ಇದರ ವೈರಿ. ಇಸ್ತ್ರಿಯೂ.

ಇನ್ನೊಂದು ತುದಿ ಲೆಶೆಕ್‌ನ ತೋಳಿನಲ್ಲಿ,
ಬಿ.ಪಿ. ನೋಡುವ ಪಟ್ಟಿಯಂಥದ್ದು.
ನಡುವೆ ದಾರವಿಲ್ಲ, ಬರೀ ಗಾಳಿ.
ಅವಳು ಮೈಭಾರ ಬದಲಿಸಿದರೆ ಅವನ ತೋಳು ಅದುರುತ್ತದೆ.
ನೆಗೆಯುವ ಮೊದಲು ನೆಲವನ್ನೊಮ್ಮೆ ಒತ್ತುತ್ತಾಳಲ್ಲ,
ಕಣ್ಣಿಗೆ ಸಿಗದ ಆ ಒತ್ತು ಅವನಿಗೆ ಸಿಗುತ್ತದೆ.
ಅವಳಿನ್ನೂ ಗಾಳಿಯಲ್ಲಿರುವಾಗಲೇ
ಚೆಲೋ ಕೆಳಗೆ ನೆಲ ಹಾಸಿ ಕಾಯುತ್ತಿರುತ್ತದೆ.

ಮೂರನೆಯ ವಾರ, ಅಭ್ಯಾಸದ ನಡುವೆ, ಕಲಿನಾ ನಿಂತಳು.
“ಏಳನೇ ಸುತ್ತಿಗೆ ಯಾಕೆ ನಿಧಾನ ಮಾಡ್ದೆ?”
ಲೆಶೆಕ್ ಕಮಾನಿಗೆ ರಾಳ ತಿಕ್ಕುತ್ತ, ತಲೆಯೆತ್ತದೆ,
“ಎಡಗಾಲು ತಡವಾಗಿ ಬರ್ತಿತ್ತು.
ನೋಯ್ತಿದೆ ಅಂದ್ಕೊಂಡೆ.”

ಯಾರಿಗೂ ಹೇಳಿರಲಿಲ್ಲ ಅವಳು,
ನಿರ್ದೇಶಕನಿಗೆ, ಗಂಡನಿಗೆ,
ಚಳಿಗಾಲದಲ್ಲಿ ಟ್ರಾಮಿನ ಮೆಟ್ಟಿಲಿಂದ ಜಾರಿದ್ದನ್ನು.
ನನ್ನ ನೂಲು ಚಾಡಿ ಹೇಳಿಬಿಟ್ಟಿತ್ತು.
“ನನ್ನ ಮೊಣಕಾಲಿಗೆ ಮರುಕ ಬೇಡ. ತಾಳ ಸಾಕು.”
ಗಿರಣಿಯ ಬಾಗಿಲು ಕಬ್ಬಿಣದ್ದು.
ಅವಳು ಹೋದ ಮೇಲೂ ಸದ್ದು ಬಹಳ ಹೊತ್ತು ಇತ್ತು.

ರಾತ್ರಿ ಬಂದು ಕೇಳಿದಳು: ಕತ್ತರಿಸಬಹುದಾ ಇದನ್ನು?
ಪೂರ್ತಿಯಾ?
ಪೂರ್ತಿ ಅಲ್ಲ. ನನಗೆ ಬೇಕೆನಿಸಿದಾಗ.
ಬಲಗೈ ಕವಚದೊಳಗೆ ಗುಟ್ಟಾಗಿ ಎರಡು ತುಣುಕು ಹೊಲಿದೆ.
ಹೆಬ್ಬೆರಳು ಉಂಗುರದ ಬೆರಳಿಗೆ ತಾಗಿದರೆ
ಅವಳ ಮೈ ಅವಳದೊಂದೇ.

ಪ್ರದರ್ಶನದ ದಿನ ಏಳನೇ ಸುತ್ತಿಗೆ ಬೆರಳು ಕೂಡಿತು.
ರೆಕ್ಕೆಯ ಮರೆಯಿಂದ ನನಗೆ ಕಂಡದ್ದು ಲೆಶೆಕ್‌ನ ಬೆನ್ನು ಮಾತ್ರ.
ತೋಳು ಸತ್ತಂತಾಗಿರಬೇಕು. ಕತ್ತು ಥಟ್ಟನೆ ನೆಟ್ಟಗಾಯಿತು.
ಎರಡು ತಿಂಗಳು ಕಣ್ಮುಚ್ಚಿ ನುಡಿಸಿದವನು
ಅವಳ ಕಡೆ ತಿರುಗಿದ.
ನಿಧಾನಿಸಲಿಲ್ಲ, ಓಡಲೂ ಇಲ್ಲ.
ಒಂದು ಮಾತ್ರೆ ಮಾತ್ರ ಖಾಲಿ ಬಿಟ್ಟ.
ಅವಳು ಅದರೊಳಗೆ ಎಡಗಾಲಿಟ್ಟಳು.

ಆಮೇಲೆ ಬೆರಳು ಬಿಡಿಸಿಕೊಂಡಿತು.
ಬೇಕೆಂದೇ ಬಿಟ್ಟಳೋ, ಬೆವರಿಗೆ ಜಾರಿತೋ,
ನಾನು ಕೇಳಲಿಲ್ಲ.

ಜನ ಖಾಲಿಯಾದ ಮೇಲೆ ಉಡುಪು ನನ್ನ ತೊಡೆಯ ಮೇಲೆ.
ಮಂಡಿಯ ಹತ್ತಿರ ಹೊಲಿಗೆ ಬಿಟ್ಟಿತ್ತು.
ಸೂಜಿಗೆ ನಾಲ್ಕು ಸಲ ದಾರ ತಪ್ಪಿತು, ವಯಸ್ಸು.
ಅಂಗೈಯಿಂದ ಸುಕ್ಕು ನೀವಿದೆ.
ಅತ್ತ ಅರೆಗತ್ತಲಲ್ಲಿ ಚೆಲೋವನ್ನು ಪೆಟ್ಟಿಗೆಗಿಡುತ್ತಿದ್ದವನು
ಹಾಗೇ ನಿಂತುಬಿಟ್ಟ.
ತೋಳಿನ ಪಟ್ಟಿ ಬಿಚ್ಚಿರಲಿಲ್ಲ ಅವನು,
ಬ್ಯಾಟರಿ ಆರಿಸಿರಲಿಲ್ಲ ನಾನು.

“ಯಾರು?” ಅಂದ ಖಾಲಿ ರಂಗಕ್ಕೆ.
“ಯಾರು ಕುಣೀತಿರೋದು?”

ಉತ್ತರ ಕೊಡಬಹುದಿತ್ತು.
ಚಪ್ಪಲಿ ಕಳಚಿ ಅಂಗಾಲನ್ನು ಹಲಗೆಗೆ ಊರಿ
ಇನ್ನೊಂದು ಹೊಲಿಗೆ ಹಾಕಿದೆ.