ಒಂದು ಹಾಸು

ಕುವೊಪಿಯೊ ಆಸ್ಪತ್ರೆಯ ನೆಲಮಾಳಿಗೆ.
ಬೆಳಗಿನ ಒಂಬತ್ತು, ಹೊರಗಿನ್ನೂ ಕತ್ತಲೆ.
ನನ್ನ ಚೀಲದಲ್ಲಿ ನಲವತ್ತೆರಡು ಸ್ಲೈಡು,
ಬಾಣ, ಚೌಕ, ಬಣ್ಣಬಣ್ಣದ ಪರಿಹಾರ.
ಹಿಲ್ಕಾಳ ಚೀಲದಲ್ಲಿ ಒಂದು ಪೆನ್ನು,
ಏಲಕ್ಕಿ ಬನ್ನಿನ ಪೊಟ್ಟಣ.

ಬಂದವಳೇ ಮೇಜುಗಳನ್ನು ಗೋಡೆಗೆ ತಳ್ಳಿದಳು.
"ಇದ್ದರೆ ಹಿಂದೆ ಅಡಗುತ್ತಾರೆ. ನೀನೂ."
ಹನ್ನೊಂದು ಕುರ್ಚಿ, ದುಂಡಗೆ. ಒಂದರ ಕಾಲು ಕುಂಟು;
ಅದರಲ್ಲಿ ತಾನೇ ಕೂತಳು.

ದೂರು ಇಷ್ಟೇ: ಹಾಸಿಗೆಗೆ ಹಾಸಲು ಬಟ್ಟೆಯಿಲ್ಲ.
ವಾರ್ಡಿನವರ ಬೆರಳು ಲಾಂಡ್ರಿಯತ್ತ,
ಲಾಂಡ್ರಿಯವರದು ಲಾರಿಯತ್ತ,
ಲಾರಿಯ ತೈಸ್ತೊನದು ಮೇಲಕ್ಕೆ, ಲೆಕ್ಕಪತ್ರದ ಮಹಡಿಗೆ.
ಮೂರು ವರ್ಷ, ಎರಡು ವರದಿ;
ಹೊಸದಾಗಿ ಕೊಂಡ ಆರು ಸಾವಿರ ಹಾಸು
ಹಿಮದಂತೆ ಬಂದು ಹಿಮದಂತೆಯೇ ಕರಗಿದ್ದವು.

ನನಗೆ ಉತ್ತರ ಗೊತ್ತಿತ್ತು.
ಬಾಯಿ ತೆರೆಯುವಷ್ಟರಲ್ಲಿ ಹಿಲ್ಕಾ ನನ್ನ ತಟ್ಟೆಗೆ
ಇನ್ನೊಂದು ಬನ್ನು ಹಾಕಿದಳು.

ಆಮೇಲೆ ಕೇಳಿದಳು:
"ಒಂದು ಹಾಸು. ಒಂದೇ.
ಈ ವಾರ ಅದು ಎಲ್ಲೆಲ್ಲಿ ಮಲಗಿತ್ತು?"

ಯಾರೂ ಮಾತಾಡಲಿಲ್ಲ.
ಕೊಳವೆಯೊಳಗೆ ಬಿಸಿನೀರು ಓಡುವುದು ಕೇಳಿಸಿತು.
ಹಿರಿಯ ನರ್ಸ್ ಮಾರ್ಕೆತ್ತಾ ಗಡಿಯಾರ ನೋಡಿದಳು,
ತೈಸ್ತೊ ತನ್ನ ಬೂಟು.
ಹಿಲ್ಕಾ ಮಾತ್ರ
ಒಲೆಯ ಮೇಲೆ ಹಾಲಿಟ್ಟವಳ ಹಾಗೆ
ಕದಲದೆ, ಮೈಯೆಲ್ಲ ಎಚ್ಚರವಾಗಿ.

ಕೊನೆಗೆ ಇರ್ಯಾ, ಇಸ್ತ್ರಿ ಯಂತ್ರದವಳು,
ಹತ್ತೊಂಬತ್ತು ವರ್ಷದಲ್ಲಿ ಯಾರೂ ಏನೂ ಕೇಳಿರದವಳು:
"ಒಗೆಯಲು ಬರುವುದರಲ್ಲಿ ಕೆಲವಕ್ಕೆ
ಮೈ ತಾಗಿದ ಸುಕ್ಕೇ ಇಲ್ಲ.
ಮಡಿಕೆಯ ಗೆರೆ ಹಳದಿ. ಬೀರುವಿನ ವಾಸನೆ."

ಮಾರ್ಕೆತ್ತಾಳ ಕತ್ತು ಕೆಂಪಾಯಿತು.
"ರಾತ್ರಿ ಪಾಳಿಗೆ ಸಾಲದಿದ್ದರೆ ಅಂತ
ಹದಿನೈದು ಎತ್ತಿಡುತ್ತೇನೆ. ಎಲ್ಲ ವಾರ್ಡಿನಲ್ಲೂ ಎತ್ತಿಡುತ್ತಾರೆ."
"ಯಾಕೆ ಸಾಲುವುದಿಲ್ಲ?" ಎಂದ ತೈಸ್ತೊ;
ಎಂದವನೇ ತಡೆದು, ಮೆಲ್ಲಗೆ ನಕ್ಕ.

ನಾನಾಗಿದ್ದರೆ ಆಗಲೇ ಎದ್ದು
ಹಲಗೆಯ ಮೇಲೆ ವೃತ್ತ ಎಳೆದು ಮುಗಿಸುತ್ತಿದ್ದೆ.
ಹಿಲ್ಕಾ ಪೆನ್ನನ್ನು ಇರ್ಯಾಳ ಮಡಿಲಿಗೆ ಹಾಕಿದಳು.
ಹಬೆಗೆ ಬಿರಿದ ಬೆರಳು ಬರೆದ ಬೀರು
ಬೀರುವಿನಂತಿರಲಿಲ್ಲ. ಆದರೂ
ಎಲ್ಲರೂ ತಮ್ಮತಮ್ಮದನ್ನು ಗುರುತು ಹಿಡಿದರು.

ಹಿಂತಿರುಗುವಾಗ, ಹೆಪ್ಪುಗಟ್ಟಿದ ಸರೋವರದ ದಂಡೆಯಲ್ಲಿ:
"ನಿನಗೆ ಮೊದಲೇ ಗೊತ್ತಿತ್ತಲ್ಲವೇ?"
"ಇಲ್ಲ ಮಾರಾಯ," ಎಂದಳು ಹಿಲ್ಕಾ,
"ಗೊತ್ತಿದ್ದಿದ್ದರೆ ಅಷ್ಟು ಹೊತ್ತು ಸುಮ್ಮನಿರುತ್ತಿದ್ದೆನೇ?"

ಚಳಿಗೆ ಕೈ ಜೇಬಿಗಿಳಿಸಿದೆ.
ಅಲ್ಲೊಂದು ಬನ್ನು.
ಬೇಕಾದೀತೆಂದು ಯಾವಾಗ ಎತ್ತಿಟ್ಟಿದ್ದೆನೋ.